ಫಾಂಟಿನೊಳಗೆ ಅಡಗಿರುವ ಇನ್ನೊಂದು ‘ಶ್ರೀ’

ಪ್ರಶ್ನೆ: ನಮಸ್ಕಾರ ಸರ್. ಬೇಲೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ನಮ್ಮೂರ ಶಾಲೆಯ ಅಮೃತ ಮಹೋತ್ಸವಕ್ಕೆ 120 ಪುಟದ ಸ್ಮರಣ ಸಂಚಿಕೆ ಮಾಡಿಕೊಡುತ್ತಿದ್ದೇನೆ. ಅದಕ್ಕೆಂದೇ ಒಂದು ಹೊಸ ಯೂನಿಕೋಡ್ ಫಾಂಟ್ ಕೊಂಡೆ. ಅದರ ಮಾದರಿ ಹಾಳೆಯಲ್ಲಿ ಎರಡು ಥರದ ‘ಶ್ರೀ’ ಇದೆ. ಬಾಲ ಉದ್ದ ಎಳೆದ ಅಕ್ಷರಗಳಿವೆ. ‘ಸೂರ್ಯ’ ಪದವನ್ನೂ ಎರಡು ರೀತಿ ಬರೆದು ತೋರಿಸಿದ್ದಾರೆ. ನಾನು ಟೈಪ್ ಮಾಡಿದರೆ ಸಾದಾ ಅಕ್ಷರವೇ ಬರುತ್ತದೆ. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಗ್ಲಿಫ್ ಪ್ಯಾನೆಲ್ (ಫಾಂಟಿನ ಎಲ್ಲ ಆಕಾರಗಳ ಪಟ್ಟಿ) ತೆರೆದು ಒಂದೊಂದನ್ನೇ ಡಬಲ್ ಕ್ಲಿಕ್ ಮಾಡುತ್ತಾ 40 ಪುಟ ಮುಗಿಸಿದೆ. ಅಷ್ಟರಲ್ಲಿ ಸಮಿತಿಯವರು ಒಳಪುಟಕ್ಕೆ ಬೇರೆ ಫಾಂಟ್ ಹಾಕಿ ಅಂದರು. ಹಾಕಿದರೆ ಅಲ್ಲಲ್ಲಿ ಚೌಕ ಡಬ್ಬಿ ಬರುತ್ತಿದೆ. ಅರ್ಧ ಲೇಖನಗಳು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ. ಹಲ್ಮಿಡಿ ಶಾಸನದ ಲೇಖನದಲ್ಲಂತೂ ಕೆಲವು ಅಕ್ಷರ ಕಾಣುವುದೇ ಇಲ್ಲ. ನಾನು ಎಲ್ಲಿ ತಪ್ಪಿದೆ? 40 ಪುಟ ಮತ್ತೆ ಮಾಡಬೇಕಾ?

ಉತ್ತರ: ತಪ್ಪು ಆ ಡಬಲ್ ಕ್ಲಿಕ್‌ನಲ್ಲಿದೆ. ಬೇಸರ ಮಾಡಿಕೊಳ್ಳಬೇಡಿ, ಹಾಸನದ ಬಿ.ಎಂ. ರಸ್ತೆಯಲ್ಲಿ ಕೂತು ಈ ಕೆಲಸ ಮಾಡುವ ನಾವೆಲ್ಲ ಒಂದಲ್ಲ ಒಂದು ಸಲ ಅದನ್ನೇ ಮಾಡಿದವರು. 40 ಪುಟವನ್ನು ಪೂರ್ತಿ ಮತ್ತೆ ಮಾಡುವುದು ಬೇಕಾಗಿಲ್ಲ. ಅದನ್ನು ಸರಿಮಾಡುವ ದಾರಿ ಕೊನೆಗೆ ಹೇಳುತ್ತೇನೆ. ಮೊದಲು ಡಬ್ಬಿ ಯಾಕೆ ಬಂತು ನೋಡೋಣ.

ಹಲ್ಮಿಡಿ ನಿಮ್ಮ ತಾಲ್ಲೂಕಿನದೇ ಊರು, ಅಲ್ಲಿಂದಲೇ ಶುರು ಮಾಡುತ್ತೇನೆ. ಸುಮಾರು ಕ್ರಿ.ಶ. 450ರದ್ದು ಎನ್ನುವ ಆ ಶಾಸನ ‘ಜಯತಿ ಶ್ರೀ’ ಎಂದು ಶುರುವಾಗುತ್ತದೆ. ಅಂದರೆ ನೀವು ಹುಡುಕುತ್ತಿರುವ ‘ಶ್ರೀ’ ಅಲ್ಲಿ ಮೊದಲ ಸಾಲಿನಲ್ಲೇ ಇದೆ. ಆದರೆ ಕಲ್ಲಿನ ಮೇಲಿನ ಆ ‘ಶ್ರೀ’ಯನ್ನು ನಿಮ್ಮೂರ ಶಾಲೆಯ ಮಗುವಿಗೆ ತೋರಿಸಿದರೆ ಓದಲಾಗದು. ಆಕಾರವೇ ಬೇರೆ. ಅದೇ ಶಾಸನವನ್ನು ವಿದ್ವಾಂಸರು ಪುಸ್ತಕದಲ್ಲಿ ಅಚ್ಚು ಹಾಕಿಸಿದಾಗ ಇವತ್ತಿನ ಅಕ್ಷರದಲ್ಲಿ ಹಾಕಿಸಿದರು. ಪಾಠ, ಅಂದರೆ ಬರೆದ ಮಾತು, ಹಾಗೇ ಉಳಿಯಿತು, ಆಕಾರ ಬದಲಾಯಿತು. ಓಪನ್‌ಟೈಪ್ ಎಂಬ ಈಗಿನ ಮಾದರಿಯ ಫಾಂಟುಗಳ ಪರ್ಯಾಯ ಅಕ್ಷರಗಳೂ ಹೀಗೇ ಕೆಲಸ ಮಾಡುತ್ತವೆ. ಫೈಲಿನಲ್ಲಿ ಇರುವುದು ಶ, ಹಲಂತ (ಸ್ವರ ತೆಗೆಯುವ ಗುರುತು), ರ, ದೀರ್ಘ ಈ. ಅದು ಯಾವ ವೇಷದಲ್ಲಿ ಕಾಣಬೇಕು ಎನ್ನುವುದು ಫಾಂಟಿನ ವಿಚಾರ. ನೀವು ವೇಷ ಬದಲಿಸಲು ಹೋಗಿ ಪಾತ್ರಧಾರಿಯನ್ನೇ ಬದಲಿಸಿಬಿಟ್ಟಿದ್ದೀರಿ.

ಕನ್ನಡ ಫಾಂಟಿನೊಳಗೆ ನೂರಾರು ಆಕಾರಗಳಿರುತ್ತವೆ. ಒತ್ತಕ್ಷರ, ಗುಡಿಸು ಹತ್ತಿದ ಅಕ್ಷರ, ತಲೆಕಟ್ಟು ಕಳಚಿದ ಅಕ್ಷರ ಹೀಗೆ. ಅವುಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಯೂನಿಕೋಡ್ ಸಂಖ್ಯೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಖ್ಯೆ) ಇಲ್ಲ. ಯೂನಿಕೋಡ್‌ನಲ್ಲಿ ಇರುವುದು ಮೂಲ ಅಕ್ಷರಗಳು, ಸ್ವರ ಚಿಹ್ನೆಗಳು, ಹಲಂತ, ಅಂಕಿಗಳು ಇಂಥವಷ್ಟೇ. ಉಳಿದ ಆಕಾರಗಳಿಗೆ ಫಾಂಟಿನ ಒಳಗಿನ ಸಾಲು ನಂಬರ್ ಮಾತ್ರ. ಖಾಲಿ ಜಾಗದಲ್ಲಿ ಕರ್ಸರ್ ಇಟ್ಟು ಗ್ಲಿಫ್ ಪ್ಯಾನೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದಿರಿ ಅಂದುಕೊಳ್ಳಿ. ಆಗ ಪುಟಕ್ಕೆ ಹೋಗುವುದು ‘ಶ್ರೀ’ ಎಂಬ ಪಾಠವಲ್ಲ. ‘ಈ ಫಾಂಟಿನ ಇಂಥ ನಂಬರಿನ ಚಿತ್ರ’ ಎಂಬ ಚೀಟಿ ಮಾತ್ರ. ಫಾಂಟ್ ಬದಲಾದಾಗ ಆ ನಂಬರಿನಲ್ಲಿ ಬೇರೇನೋ ಇರುತ್ತದೆ, ಇಲ್ಲವೇ ಏನೂ ಇರುವುದಿಲ್ಲ. ಏನೂ ಇಲ್ಲದಿದ್ದರೆ ಡಬ್ಬಿ. ಏನೋ ಇದ್ದರೆ ಇನ್ನೂ ಅಪಾಯ, ಯಾಕೆಂದರೆ ಡಬ್ಬಿ ಕಣ್ಣಿಗೆ ಹೊಡೆಯುತ್ತದೆ, ತಪ್ಪು ಒತ್ತು ಹೊಡೆಯುವುದಿಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? ‘ಶ್ರೀ’ ಎಂದು ಮಾಮೂಲಿಯಾಗಿ ಟೈಪ್ ಮಾಡಿ. ಆಮೇಲೆ ಅದನ್ನು ಆಯ್ಕೆ ಮಾಡಿ, ‘ಇಲ್ಲಿ ಇನ್ನೊಂದು ವೇಷ ಹಾಕು’ ಎಂದು ಫಾಂಟಿಗೆ ಹೇಳಿ. ಹೀಗೆ ಹೇಳುವ ಸ್ವಿಚ್ಚುಗಳಿಗೆ ಓಪನ್‌ಟೈಪ್ ಫೀಚರ್ ಅನ್ನುತ್ತಾರೆ.

ಆ ಸ್ವಿಚ್ಚುಗಳನ್ನು ಮುಟ್ಟುವ ಮೊದಲು ಇನ್‌ಡಿಸೈನ್‌ನಲ್ಲಿ ಒಂದು ಕೆಲಸ ಆಗಿರಬೇಕು. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆಯ್ಕೆಯಾಗಿರಬೇಕು. ಕನ್ನಡದ ಒತ್ತು ಸರಿಯಾಗಿ ಕೂರುವುದು ವರ್ಲ್ಡ್-ರೆಡಿ ಕಂಪೋಸರ್‌ನಲ್ಲಿ ಮಾತ್ರ. ಇದು 2012ರ ಇನ್‌ಡಿಸೈನ್ ಸಿಎಸ್6ರಿಂದ ನಮ್ಮ ಲಿಪಿಗಳಿಗೆ ಸಿಕ್ಕಿದ ಸೌಲಭ್ಯ. ಅದಕ್ಕಿಂತ ಹಳೆಯದರಲ್ಲಿ ಯೂನಿಕೋಡ್ ಕನ್ನಡದ ಗೋಜಿಗೇ ಹೋಗಬೇಡಿ. ಒಂದೊಂದು ಪ್ಯಾರಾಕ್ಕೂ ಇದನ್ನು ಹಾಕುತ್ತಾ ಕೂರುವುದೂ ಬೇಡ. ಪ್ಯಾರಾಗ್ರಾಫ್ ಸ್ಟೈಲ್ ತೆರೆದು ‘ಜಸ್ಟಿಫಿಕೇಷನ್’ ಭಾಗದಲ್ಲಿ ಕಂಪೋಸರ್ ಬದಲಿಸಿ. ಯಾವ ಫೈಲೂ ತೆರೆಯದೆ ಇದೇ ಆಯ್ಕೆ ಮಾಡಿದರೆ ಮುಂದೆ ಮಾಡುವ ಹೊಸ ಫೈಲುಗಳಿಗೆಲ್ಲ ಅದೇ ಬರುತ್ತದೆ.

ಈಗ ಕ್ಯಾರೆಕ್ಟರ್ ಪ್ಯಾನೆಲ್‌ನ ಮೆನುವಿನಲ್ಲಿ ‘ಓಪನ್‌ಟೈಪ್’ ನೋಡಿ. ಸ್ವಾಶ್, ಟೈಟ್ಲಿಂಗ್, ಕಾಂಟೆಕ್ಸ್ಚುವಲ್ ಆಲ್ಟರ್ನೇಟ್ಸ್, ಡಿಸ್ಕ್ರೀಷನರಿ ಲಿಗೇಚರ್ಸ್, ಸ್ಟೈಲಿಸ್ಟಿಕ್ ಸೆಟ್ಸ್ ಎಂದೆಲ್ಲ ಇರುತ್ತದೆ. ಚೌಕ ಆವರಣದೊಳಗೆ ಕಾಣುವ ಹೆಸರುಗಳು ಈ ಫಾಂಟಿನಲ್ಲಿ ಇಲ್ಲ ಎಂದರ್ಥ, ಅವನ್ನು ಒತ್ತಿ ಸಮಯ ಹಾಳು ಮಾಡಬೇಡಿ. ನಿಮಗೆ ಬೇಕಾದದ್ದು ಬಹುಪಾಲು ಸ್ಟೈಲಿಸ್ಟಿಕ್ ಸೆಟ್‌ಗಳಲ್ಲಿರುತ್ತದೆ. ಒಂದು ಫಾಂಟಿನಲ್ಲಿ ಇಂಥ 20 ಸೆಟ್‌ವರೆಗೆ ಇಡಲು ಜಾಗವಿದೆ. ಒಂದನೇ ಸೆಟ್ಟಿನಲ್ಲಿ ಬಾಲದ ಅಕ್ಷರ, ಎರಡನೆಯದರಲ್ಲಿ ಬೇರೆ ‘ಶ್ರೀ’, ಹೀಗೆ ಫಾಂಟ್ ಮಾಡಿದವರು ತಮಗೆ ತೋಚಿದಂತೆ ಹಂಚಿರುತ್ತಾರೆ. ಒಂದು ಫಾಂಟಿನ ಒಂದನೇ ಸೆಟ್ಟಿಗೂ ಇನ್ನೊಂದರ ಒಂದನೇ ಸೆಟ್ಟಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಸೆಟ್ಟನ್ನು ಒಂದು ಕ್ಯಾರೆಕ್ಟರ್ ಸ್ಟೈಲ್ (ಹೆಸರಿಟ್ಟು ಉಳಿಸಿದ ಅಕ್ಷರದ ಗುಣಗಳು) ಮಾಡಿ ಹಾಕಿ, ಆದರೆ ಅದಕ್ಕೆ ‘ಸೆಟ್ 2’ ಎಂದು ಹೆಸರಿಡಬೇಡಿ. ‘ಅಲಂಕಾರದ ಶ್ರೀ’ ಎಂದಿಡಿ. ಸಮಿತಿಯವರು ಇನ್ನೊಮ್ಮೆ ಫಾಂಟ್ ಬದಲಿಸಿ ಅಂದಾಗ (ಅನ್ನುತ್ತಾರೆ!) ಆ ಒಂದು ಸ್ಟೈಲಿನೊಳಗೆ ಸೆಟ್ ನಂಬರ್ ಬದಲಿಸಿದರೆ ಸಾಕು, 120 ಪುಟವೂ ಸರಿಹೋಗುತ್ತದೆ.

ಕೈ ಪಳಗಿಸಲು ಒಂದು ಸುಲಭದ ಉಪಾಯ. ವಿಂಡೋಸ್ 7ರಿಂದ ಈಚೆಗೆ ಗ್ಯಾಬ್ರಿಯೋಲಾ ಎಂಬ ಇಂಗ್ಲಿಷ್ ಫಾಂಟ್ ಕಂಪ್ಯೂಟರಿನ ಜೊತೆಗೇ ಬರುತ್ತದೆ. ಅದರಲ್ಲಿ ಹಲವು ಸೆಟ್‌ಗಳಿವೆ. ಅದರಲ್ಲಿ ಒಂದು ಸಾಲು ಟೈಪ್ ಮಾಡಿ ಒಂದೊಂದೇ ಸೆಟ್ ಹಾಕಿ ನೋಡಿ, ಅಕ್ಷರಗಳು ಬಳ್ಳಿಯ ಹಾಗೆ ಬೆಳೆಯುತ್ತಾ ಹೋಗುತ್ತವೆ. ಐದು ನಿಮಿಷದಲ್ಲಿ ವಿಷಯ ತಲೆಗೆ ಹೋಗುತ್ತದೆ. ಮದುವೆ ಕಾರ್ಡಿನ ಇಂಗ್ಲಿಷ್ ಭಾಗಕ್ಕೂ ಆಗುತ್ತದೆ, ದುಡ್ಡೂ ಕೊಡಬೇಕಾಗಿಲ್ಲ.

ಇಂಗ್ಲಿಷಿನಲ್ಲಿ ಇಷ್ಟು ಸಲೀಸು. ಕನ್ನಡದಲ್ಲಿ ಅಲ್ಲ. ಅದೇಕೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮಾದರಿ ಹಾಳೆ ನೋಡಿ ಫಾಂಟ್ ಕೊಂಡವರೆಲ್ಲ ಎಡವುವುದು ಇಲ್ಲೇ.

ನೀವು ‘ಕಿ’ ಎಂದು ಟೈಪ್ ಮಾಡಿದಾಗ ಫಾಂಟಿಗೆ ಹೋಗುವುದು ಎರಡು ಸಂಕೇತ, ಕ ಮತ್ತು ಗುಡಿಸು. ಪರದೆಯ ಮೇಲೆ ಬರುವುದು ಬಹಳ ಫಾಂಟುಗಳಲ್ಲಿ ಒಂದೇ ಆಕಾರ. ತಲೆಕಟ್ಟು ಹೋಗಿ ಗುಡಿಸು ಬೆಸೆದುಕೊಂಡ ‘ಕಿ’ ಎಂಬ ಪ್ರತ್ಯೇಕ ಚಿತ್ರ. ಇದನ್ನು ಫಾಂಟ್ ಮಾಡಿದವರು ಬೇರೆಯಾಗಿಯೇ ಬರೆದಿರುತ್ತಾರೆ. ಸಾಫ್ಟ್‌ವೇರ್‌ನೊಳಗಿನ ಅಕ್ಷರ ಜೋಡಿಸುವ ಯಂತ್ರ ಮೊದಲು ಭಾಷೆಗೆ ಬೇಕೇಬೇಕಾದ ಕೆಲಸಗಳನ್ನು ಮುಗಿಸುತ್ತದೆ. ಕ್ಷ, ಜ್ಞಗಳನ್ನು ಕಟ್ಟುವುದು, ಅರ್ಕಾವೊತ್ತನ್ನು ಮುಂದಕ್ಕೆ ಕಳಿಸುವುದು, ಒತ್ತನ್ನು ಕೆಳಗೆ ಇಳಿಸುವುದು, ಗುಡಿಸು, ಕೊಂಬು, ಏತ್ವಗಳನ್ನು ಬೆಸೆಯುವುದು. ಅಲಂಕಾರದ ಸೆಟ್‌ಗಳ ಸರದಿ ಸಾಮಾನ್ಯವಾಗಿ ಇವೆಲ್ಲ ಆದ ಮೇಲೆ. ಅಷ್ಟು ಹೊತ್ತಿಗೆ ಅಲ್ಲಿ ‘ಕ’ ಎಂಬುದು ಇರುವುದೇ ಇಲ್ಲ, ‘ಕಿ’ ಇರುತ್ತದೆ. ಫಾಂಟ್ ಮಾಡಿದವರು ಬಾಲದ ‘ಕ’ ಒಂದನ್ನೇ ಬರೆದು ಬಾಲದ ‘ಕಿ’ ಬರೆಯದೆ ಬಿಟ್ಟಿದ್ದರೆ? ‘ಕಮಲ’ದಲ್ಲಿ ಬಾಲ ಬರುತ್ತದೆ, ‘ಕಿಟಕಿ’ಯಲ್ಲಿ ಬರುವುದಿಲ್ಲ. ಶೀರ್ಷಿಕೆಯಲ್ಲಿ ಒಂದು ಅಕ್ಷರ ಮೆರವಣಿಗೆಗೆ ಹೊರಟಂತೆ, ಪಕ್ಕದ್ದು ಗದ್ದೆ ಕೆಲಸಕ್ಕೆ ಹೊರಟಂತೆ ಕಾಣುತ್ತದೆ.

ಆದ್ದರಿಂದ ಯಾವುದೇ ಫಾಂಟಿನ ಪರ್ಯಾಯ ಅಕ್ಷರ ನಂಬುವ ಮೊದಲು ನಾನು ಕಾಗುಣಿತ ಬರೆಸುತ್ತೇನೆ. ಒಂದನೇ ಕ್ಲಾಸಿನ ಹಾಗೆ. ಕ ಕಾ ಕಿ ಕೀ ಕು ಕೂ ಕೃ ಕೆ ಕೇ ಕೈ ಕೊ ಕೋ ಕೌ ಕಂ ಕಃ ಕ್. ಅದರ ಕೆಳಗೆ ಒತ್ತುಗಳು: ಕ್ಕ, ಕ್ತ, ಕ್ರ, ಕ್ಯ, ಕ್ಷ, ರ್ಕ. ಇದಕ್ಕೆ ಸೆಟ್ ಹಾಕಿ ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ ನೋಡುತ್ತೇನೆ. ಪರ್ಯಾಯ ಇದೆ ಎಂದು ಹೇಳಿಕೊಂಡ ಪ್ರತಿ ಅಕ್ಷರಕ್ಕೂ ಹೀಗೆ. ‘ಪು’, ‘ವು’ಗಳನ್ನು ಬಿಡಬೇಡಿ. ಅವುಗಳ ಕೊಂಬು ಪಕ್ಕಕ್ಕಲ್ಲ, ಅಡಿಗೆ ಹೋಗುತ್ತದೆ, ಹಾಗಾಗಿ ಬಾಲ ಅದಕ್ಕೆ ತಾಗುವುದು ಜಾಸ್ತಿ. ‘ಸ್ವಾತಂತ್ರ್ಯ’ ಪದವನ್ನೂ ಹಾಕಿ. ಎರಡು ಒತ್ತು ಒಂದರ ಕೆಳಗೊಂದು ಬಂದಾಗ ಫಾಂಟಿನ ಬಂಡವಾಳ ಬಯಲಾಗುತ್ತದೆ. ಸುಮ್ನೆ ಅರ್ಧ ಗಂಟೆಯ ಕೆಲಸ. ಇದನ್ನು ಮಾಡದೆ ಕೊಂಡ ಒಂದು ಫಾಂಟ್ ನನ್ನ ಕಂಪ್ಯೂಟರಿನಲ್ಲಿ ಇನ್ನೂ ಸುಮ್ಮನೆ ಕೂತಿದೆ.

ಎರಡನೆಯ ಎಡವು ಇದಕ್ಕಿಂತ ಕೆಟ್ಟದ್ದು. ಅದರಲ್ಲಿ ನನ್ನದೇ ಕಥೆ ಇದೆ.

ಕೆಲವು ವರ್ಷದ ಹಿಂದೆ ಮೂಡಿಗೆರೆ ಕಡೆಯ ಒಂದು ಮದುವೆ ಕಾರ್ಡು ಮಾಡಿದೆ. ಹುಡುಗಿಯ ಹೆಸರಿನ ಕೊನೆಗೆ ‘ರ್ತಿ’ ಬರುತ್ತಿತ್ತು, ‘ಕೀರ್ತಿ’ ಎನ್ನುವ ಹಾಗೆ. ಹುಡುಗನ ಹೆಸರಿನಲ್ಲೂ ಕೊನೆಗೆ ‘ತಿ’. ಎರಡಕ್ಕೂ ಬಾಲ ಎಳೆದರೆ ಚಂದ ಅನ್ನಿಸಿತು. ಒಂದೊಂದನ್ನೇ ಯಾಕೆ ಮಾಡುವುದು ಎಂದು ಫೈಂಡ್-ಚೇಂಜ್ ತೆರೆದು ‘ತಿ’ ಇರುವಲ್ಲೆಲ್ಲ ಬಾಲದ ಸ್ಟೈಲ್ ಹಾಕಿಸಿದೆ. ಹುಡುಗನ ಹೆಸರು ಬಹಳ ಚಂದ ಬಂತು. ಅದನ್ನೇ ನೋಡಿ ಖುಷಿಪಟ್ಟು ಅಚ್ಚಿಗೆ ಕಳಿಸಿದೆ. 800 ಕಾರ್ಡು ಕೈಗೆ ಬಂದ ಮೇಲೆ ನೋಡಿದರೆ ಹುಡುಗಿಯ ಹೆಸರು ‘ಕೀರ್‌ತಿ’ ಎನ್ನುವ ಥರ ಒಡೆದು ಕೂತಿದೆ. ಅರ್ಕಾವೊತ್ತು ಮಾಯ.

ಆದದ್ದು ಇಷ್ಟೇ. ಕಣ್ಣಿಗೆ ಅರ್ಕಾವೊತ್ತು ‘ತಿ’ಯ ಆಚೆ ಕಾಣುತ್ತದೆ. ಫೈಲಿನಲ್ಲಿ ಮಾತ್ರ ‘ರ್’ ಇರುವುದು ‘ತಿ’ಗಿಂತ ಮೊದಲು. ನಾನು ‘ತಿ’ಗೆ ಮಾತ್ರ ಬೇರೆ ಫೀಚರ್ ಹಾಕಿದ್ದರಿಂದ ಸಾಫ್ಟ್‌ವೇರ್ ಆ ಪದವನ್ನು ಅಲ್ಲಿ ತುಂಡು ಮಾಡಿ ಎರಡು ಭಾಗವನ್ನೂ ಬೇರೆ ಬೇರೆಯಾಗಿ ಫಾಂಟಿಗೆ ಕೊಟ್ಟಿತು. ಮೊದಲ ತುಂಡಿನ ಕೊನೆಯಲ್ಲಿ ‘ರ್’ ಒಂಟಿಯಾಯಿತು. ಒಂಟಿ ‘ರ್’ ಅರ್ಕಾವೊತ್ತಾಗುವುದು ಹೇಗೆ? ಅದು ಏರಬೇಕಾದ ಅಕ್ಷರವೇ ಆಚೆ ತುಂಡಿಗೆ ಹೋಗಿದೆ. ಮರು ಅಚ್ಚಿನ ಖರ್ಚು ನನ್ನ ಜೇಬಿನಿಂದ ಹೋಯಿತು. ತಪ್ಪು ಪೂರ್ತಿ ನನ್ನದೇ, ಪ್ರೂಫ್ ನೋಡಿದವನೂ ನಾನೇ.

ನಿಯಮ ಒಂದೇ. ಫೀಚರ್ ಹಾಕುವಾಗ ಇಡೀ ಅಕ್ಷರ ಹಿಡಿಯಬೇಕು, ಮೇಷ್ಟ್ರು ಅಕ್ಷರ ಎಂದು ಎಣಿಸುತ್ತಿದ್ದ ಹಾಗೆ. ‘ರ್ತಿ’ ಒಂದು ಅಕ್ಷರ. ‘ತ್ರ್ಯ’ ಒಂದು ಅಕ್ಷರ. ಹಿಂದಿನ ‘ರ್’, ಮುಂದಿನ ಒತ್ತು, ಗುಡಿಸು, ಕೊಂಬು, ಸೊನ್ನೆ ಎಲ್ಲ ಸೇರಿಸಿ. ಸಂಶಯ ಬಂದರೆ ಇಡೀ ಪದಕ್ಕೇ ಹಾಕಿಬಿಡಿ, ಬೇಡದ ಅಕ್ಷರಕ್ಕೆ ಪರ್ಯಾಯವೇ ಇಲ್ಲದಿದ್ದರೆ ಏನೂ ಆಗುವುದಿಲ್ಲ.

ಇದು ಗೊತ್ತಾದ ಮೇಲೆ ‘ಗ್ರೆಪ್ ಸ್ಟೈಲ್’ ನಿಮ್ಮ ಬಲಗೈ ಆಗುತ್ತದೆ. ಪ್ಯಾರಾಗ್ರಾಫ್ ಸ್ಟೈಲಿನೊಳಗೆ ಇರುವ ಸೌಲಭ್ಯ ಅದು. ‘ಈ ಮಾದರಿ ಎಲ್ಲಿ ಕಂಡರೂ ಈ ಕ್ಯಾರೆಕ್ಟರ್ ಸ್ಟೈಲ್ ಹಾಕು’ ಎಂದು ಒಮ್ಮೆ ಹೇಳಿಟ್ಟರೆ ತಾನೇ ಹಾಕುತ್ತಾ ಹೋಗುತ್ತದೆ, ನಾಳೆ ಹೊಸದಾಗಿ ಸೇರಿಸಿದ ಲೇಖನಕ್ಕೂ. ಬರೇ ‘ಶ್ರೀ’ ಎಂದು ಕೊಟ್ಟರೆ ಶ್ರೀಮತಿ, ಶ್ರೀನಿವಾಸ, ಶ್ರೀಮಂತ ಎಲ್ಲದರಲ್ಲೂ ಅಲಂಕಾರ ಬರುತ್ತದೆ. ಅದು ಬೇಡ ಅಲ್ವಾ? ಹೀಗೆ ಕೊಡಿ:

ಶ್ರೀ(?=[ .])

‘ಮುಂದೆ ಖಾಲಿ ಜಾಗ ಅಥವಾ ಚುಕ್ಕಿ ಇರುವ ಶ್ರೀ ಮಾತ್ರ’ ಎಂದರ್ಥ. ಶೀರ್ಷಿಕೆಯ ಕೊನೆಯ ‘ಳು’ಗೆ ಮಾತ್ರ ಬಾಲ ಬೇಕಿದ್ದರೆ ಶೀರ್ಷಿಕೆಯ ಸ್ಟೈಲಿನಲ್ಲಿ ‘ಳು$’ ಎಂದು ಕೊಡಿ. ಡಾಲರ್ ಗುರುತು ಪ್ಯಾರಾದ ಕೊನೆ. ‘ಳ’ ಮಾತ್ರ ಕೊಟ್ಟು ಕೊಂಬನ್ನು ಹೊರಗೆ ಬಿಡಬೇಡಿ, ನನ್ನ 800 ಕಾರ್ಡು ನೆನಪಿಸಿಕೊಳ್ಳಿ.

ಇನ್ನು ನಿಮ್ಮ ‘ಸೂರ್ಯ’. ಮಾದರಿ ಹಾಳೆಯವರು ಇದನ್ನು ‘ಶ್ರೀ’ಯ ಪಕ್ಕದಲ್ಲೇ ಇಟ್ಟು ನಿಮ್ಮನ್ನು ದಾರಿ ತಪ್ಪಿಸಿದ್ದಾರೆ. ‘ಸೂರ್ಯ’ ಮತ್ತು ‘ಸೂರ‍್ಯ’ ಇವುಗಳ ವ್ಯತ್ಯಾಸ ಯಾವ ಸೆಟ್ಟಿನಲ್ಲೂ ಸಿಗುವುದಿಲ್ಲ, ಅದು ಬರವಣಿಗೆಯದೇ ವ್ಯತ್ಯಾಸ. ಎರಡನೆಯದರಲ್ಲಿ ರಕಾರ ಪೂರ್ತಿಯಾಗಿ ನಿಂತು ಯಕಾರ ಒತ್ತಾಗುತ್ತದೆ. ಅದನ್ನು ಪಡೆಯಲು ‘ರ’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು, ಆಮೇಲೆ ಹಲಂತ, ಆಮೇಲೆ ‘ಯ’. ಆ ಜೋಡಕಕ್ಕೆ ‘ಜೀರೋ ವಿಡ್ತ್ ಜಾಯ್ನರ್’ ಎನ್ನುತ್ತಾರೆ. ವರ್ಡ್‌ನಲ್ಲೋ ಲಿಬ್ರೆ ಆಫೀಸಿನಲ್ಲೋ ಇಂಗ್ಲಿಷ್ ಕೀಲಿಯಲ್ಲಿ ಎರಡು, ಸೊನ್ನೆ, ಸೊನ್ನೆ, ಡಿ ಒತ್ತಿ, ಕೂಡಲೇ ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಅದು ಬರುತ್ತದೆ. ಅಲ್ಲಿ ಪದ ಮಾಡಿಕೊಂಡು ಇನ್‌ಡಿಸೈನ್‌ಗೆ ತಂದು ಅಂಟಿಸಿ. ಹಳೆಯ ಎಷ್ಟೋ ಫೈಲುಗಳಲ್ಲಿ ಜೋಡಕ ಹಲಂತಕ್ಕಿಂತ ಮೊದಲು ಇರದೆ ಅದರ ನಂತರ ಇರುತ್ತದೆ. ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಯಂತ್ರ ಕನ್ನಡದ ಈ ಹಳೇ ಅಭ್ಯಾಸ ಗೊತ್ತಿದ್ದೇ ಎರಡನ್ನೂ ಒಂದೇ ಥರ ನೋಡಿಕೊಳ್ಳುತ್ತದೆ. ಯೂನಿಕೋಡ್ ಹೇಳುವ ಕ್ರಮ ಮಾತ್ರ ನಾನು ಮೊದಲು ಹೇಳಿದ್ದು.

ಇದಕ್ಕೊಂದು ಬೆಲೆಯಿದೆ. ‘ಸೂರ್ಯ’ ಎಂದು ಹುಡುಕಿದರೆ ‘ಸೂರ‍್ಯ’ ಸಿಗದೇ ಹೋಗಬಹುದು. ಎರಡೂ ಬೇರೆ ಬೇರೆ ಪಾಠ. ಕೆಲವು ಲೇಖಕರಿಗೆ ಅರ್ಕಾವೊತ್ತೇ ಬೇಡ, ಅವರ ಬರಹದಲ್ಲಿ ಹಾಗೇ ಬಿಡಿ. ಅದು ಅವರ ಕಾಗುಣಿತ, ನಿಮ್ಮ ಅಲಂಕಾರ ಅಲ್ಲ. ಉಳಿದ ಕಡೆ ಚಂದಕ್ಕೆಂದು ಅರ್ಧ ಸಂಚಿಕೆಯಲ್ಲಿ ಒಂದು, ಇನ್ನರ್ಧದಲ್ಲಿ ಇನ್ನೊಂದು ಮಾಡಬೇಡಿ.

ಹಲ್ಮಿಡಿ ಲೇಖನದ ಕಾಣದ ಅಕ್ಷರಗಳದ್ದು ಮೂರನೇ ಥರದ ವಿಷಯ. ಅವು ಪರ್ಯಾಯವೂ ಅಲ್ಲ, ಜೋಡಕದ ಆಟವೂ ಅಲ್ಲ. ಹಳಗನ್ನಡದ ಱ ಮತ್ತು ೞ ಸ್ವತಂತ್ರ ಅಕ್ಷರಗಳು, ಎರಡಕ್ಕೂ ಯೂನಿಕೋಡ್‌ನಲ್ಲಿ ಸ್ವಂತ ಜಾಗವಿದೆ. ಶಾಸನದಲ್ಲಿ ‘ಕಾದೆಱಿದು’, ‘ಬಾಳ್ಗೞ್ಚು’ ಎಂಬ ಪದಗಳಿವೆ. ಲೇಖನದ ಜೀವವೇ ಅಲ್ಲಿದೆ. ನಿಮ್ಮ ಫಾಂಟಿನಲ್ಲಿ ಆ ಅಕ್ಷರ ಇಲ್ಲದಿದ್ದರೆ ‘ಳ’ಕ್ಕೆ ಗೆರೆ ಎಳೆದು ನಕಲಿ ೞ ಮಾಡಬೇಡಿ, ‘ಱ’ ಬದಲು ‘ರ’ ಹಾಕಿ ಮೇಷ್ಟ್ರ ಕೈಲಿ ಬೈಸಿಕೊಳ್ಳಬೇಡಿ. ಆ ಉಲ್ಲೇಖಗಳಿಗೆ ಮಾತ್ರ ಅಕ್ಷರ ಇರುವ ಇನ್ನೊಂದು ಫಾಂಟ್ ಬಳಸಿ, ಅದಕ್ಕೊಂದು ಸ್ಟೈಲ್ ಮಾಡಿ. ಸ್ಟೈಲನ್ನು ಇಡೀ ಪದಕ್ಕೆ ಹಾಕಿ. ‘ೞ್ಚು’ ನಡುವೆ ಫಾಂಟ್ ಬದಲಾದರೆ ಒತ್ತು ಬೀಳುತ್ತದೆ. ಇನ್ನೊಂದು ತಮಾಷೆ. ಗ್ಲಿಫ್ ಪ್ಯಾನೆಲ್‌ನಲ್ಲಿ ೞ ಮೇಲೆ ಮೌಸ್ ಇಟ್ಟರೆ ‘ಎಫ್ಎ’ ಎಂಬ ಹೆಸರು ಕಾಣಬಹುದು. ಯೂನಿಕೋಡ್‌ನಲ್ಲಿ ಶುರುವಿನಲ್ಲೇ ತಪ್ಪು ಹೆಸರು ಬಿತ್ತು. ಒಮ್ಮೆ ಇಟ್ಟ ಹೆಸರನ್ನು ಅಲ್ಲಿ ಬದಲಿಸುವಂತಿಲ್ಲ. ಗಾಬರಿಯಾಗಬೇಡಿ, ಅಕ್ಷರ ಅದೇ.

ನುಡಿಯ ಲೇಖನಗಳನ್ನು ಯೂನಿಕೋಡ್‌ಗೆ ತಿರುಗಿಸದೆ ಮೇಲಿನ ಯಾವುದೂ ನಡೆಯುವುದಿಲ್ಲ. ಹಳೆಯ ಆಸ್ಕಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳು ಕೂತಿರುತ್ತವೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಅಲ್ಲಿ ಫೀಚರ್ ಕೇಳುವುದು ಅಂದರೆ ಕಿವುಡನ ಮುಂದೆ ಕಿನ್ನರಿ. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ. ತಿರುಗಿಸಿದ ಮೇಲೆ ಅರ್ಕಾವೊತ್ತಿನ ಪದಗಳನ್ನು ಮೊದಲು ನೋಡಿ. ಹಳೆಯದರಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ಮೊದಲು ಬರಬೇಕು. ಪರಿವರ್ತಕ ಜಾರುವುದು ಇಲ್ಲೇ ಜಾಸ್ತಿ. ಆಮೇಲೆ ಎರಡೆರಡು ಒತ್ತಿನ ಪದಗಳು.

ನಮ್ಮ ಕಡೆ ಎಷ್ಟೋ ಅಂಗಡಿಗಳಲ್ಲಿ ಇನ್ನೂ ಪೇಜ್‌ಮೇಕರ್ ಓಡುತ್ತಿದೆ. ಅದರ ಕೊನೆಯ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡೇ ಗೊತ್ತಿಲ್ಲ, ಹಾಗಾಗಿ ಈ ಮಾತೆಲ್ಲ ಅದಕ್ಕೆ ಅನ್ವಯಿಸುವುದಿಲ್ಲ. ಕೋರೆಲ್ ಡ್ರಾ ಆದರೆ 2012ರ ಎಕ್ಸ್6 ಅಥವಾ ಅದರ ನಂತರದ್ದು ಬೇಕು. ದುಡ್ಡು ಹಾಕದೆ ಆಗಬೇಕಿದ್ದರೆ ಸ್ಕ್ರೈಬಸ್ 1.6 ಇದೆ, ಕನ್ನಡ ಸರಿಯಾಗಿ ಕೂರುತ್ತದೆ, ಅಕ್ಷರದ ಗುಣಗಳ ನಡುವೆ ‘ಫಾಂಟ್ ಫೀಚರ್ಸ್’ ಎಂಬ ಭಾಗವೂ ಇದೆ. ಲಿಬ್ರೆ ಆಫೀಸ್ ರೈಟರ್‌ನಲ್ಲಿ ಕ್ಯಾರೆಕ್ಟರ್ ಕಿಟಕಿಯ ‘ಫೀಚರ್ಸ್’ ಬಟನ್ ಒತ್ತಿದರೆ ಫಾಂಟಿನಲ್ಲಿ ಇರುವುದೆಲ್ಲ ಪಟ್ಟಿಯಾಗಿ ಕಾಣುತ್ತದೆ. ಒಂದೇ ಎಚ್ಚರ, ಕನ್ನಡದ ಫಾಂಟ್ ಅಲ್ಲಿ ‘ಸಿಟಿಎಲ್’ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಎಂಬ ಭಾಗದಲ್ಲಿ ಬರುತ್ತದೆ. ಮೇಲಿನ ಪಾಶ್ಚಾತ್ಯ ಭಾಗದಲ್ಲಿ ಬದಲಿಸಿ ‘ಏನೂ ಆಗ್ತಿಲ್ಲ’ ಎಂದು ಫೋನ್ ಮಾಡಿದವರು ಬಹಳ ಮಂದಿ. ಫಾಂಟ್ ಪರೀಕ್ಷೆಗೆ ನಾನು ರೈಟರನ್ನೇ ಬಳಸುತ್ತೇನೆ.

ಈಗ ರುಚಿಯ ಮಾತು. ಇದರಲ್ಲಿ ನನ್ನದು ಸ್ವಲ್ಪ ಜಿಪುಣ ಕೈ. 120 ಪುಟದಲ್ಲಿ ಬಾಲದ ಅಕ್ಷರ ಮುಖಪುಟ, ಒಳಮುಖಪುಟ, ಲೇಖನದ ಶೀರ್ಷಿಕೆ ಬಿಟ್ಟು ಇನ್ನೆಲ್ಲೂ ಬೇಡ. ಒಂದು ಶೀರ್ಷಿಕೆಯಲ್ಲಿ ಒಂದೇ ಬಾಲ. ಶ್ರದ್ಧಾಂಜಲಿ ಪುಟದಲ್ಲಿ ಸೊನ್ನೆ. ಜಾಹೀರಾತು ಕೊಟ್ಟವರ ಹೆಸರಿಗೆ ಅವರನ್ನು ಕೇಳದೆ ಹಾಕಬೇಡಿ, ಅಂಗಡಿಯ ಬೋರ್ಡಿನಲ್ಲಿ ಇರುವ ಹಾಗೇ ಇರಲಿ ಎನ್ನುವವರೇ ಜಾಸ್ತಿ. ಕನ್ನಡದಲ್ಲಿ ಒತ್ತು ಕೆಳಗಿಳಿಯುತ್ತದೆ, ಗುಡಿಸಿನ ಸುರುಳಿ ಮೇಲೇಳುತ್ತದೆ. ಎರಡು ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಬಾಲ ಬಂದು ಕೆಳಗಿನ ಗುಡಿಸಿಗೆ ಗಂಟು ಬಿದ್ದರೆ ಓದುವವರಿಗೆ ಅದು ಯಾವ ಅಕ್ಷರವೋ ತಿಳಿಯದು. ಒಳಪುಟಕ್ಕೆ ನಾನು 11 ಪಾಯಿಂಟ್ ಅಕ್ಷರಕ್ಕೆ 16ರಿಂದ 17 ಪಾಯಿಂಟ್ ಸಾಲಿನ ಅಂತರ ಇಡುತ್ತೇನೆ. ಬಾಲದ ಶೀರ್ಷಿಕೆಗೆ ಅಳತೆ ಇಲ್ಲ, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡುತ್ತೇನೆ.

ಪ್ರೆಸ್ಸಿನವರು ‘ಎಲ್ಲವನ್ನೂ ಕರ್ವ್ ಮಾಡಿ ಕಳಿಸಿ’ ಎನ್ನಬಹುದು. ಮುಖಪುಟವನ್ನು ಬೇಕಾದರೆ ಮಾಡಿ, ಅದೂ ಒಂದು ನಕಲಿನಲ್ಲಿ. ಒಳಪುಟಕ್ಕೆ ಫಾಂಟ್ ಅಡಕ ಮಾಡಿದ ಪಿಡಿಎಫ್ ಸಾಕು. ಕರ್ವ್ ಮಾಡಿದ ಮೇಲೆ ಅದು ಚಿತ್ರ. ಸಮಿತಿ ಅಧ್ಯಕ್ಷರ ಹೆಸರಿನ ಇನಿಷಿಯಲ್ ತಪ್ಪಿದೆ ಎಂದು ರಾತ್ರಿ ಹತ್ತಕ್ಕೆ ಫೋನ್ ಬಂದರೆ ತಿದ್ದಲು ಅಕ್ಷರವೇ ಇರುವುದಿಲ್ಲ.

ಈಗ ನಿಮ್ಮ 40 ಪುಟ. ಮೊದಲು ಫೈಲಿನ ಒಂದು ನಕಲು ಇಟ್ಟುಕೊಳ್ಳಿ. ಫೈಂಡ್-ಚೇಂಜ್ ಕಿಟಕಿಯಲ್ಲಿ ‘ಗ್ಲಿಫ್’ ಎಂಬ ಟ್ಯಾಬ್ ಇದೆ, ಬಹಳ ಜನ ಅದನ್ನು ತೆರೆದೇ ನೋಡಿರುವುದಿಲ್ಲ. ನೀವು ಡಬಲ್ ಕ್ಲಿಕ್ ಮಾಡಿ ತಂದ ‘ಶ್ರೀ’ಗಳಲ್ಲಿ ಒಂದನ್ನು ಪುಟದಲ್ಲಿ ಆಯ್ಕೆ ಮಾಡಿ, ರೈಟ್ ಕ್ಲಿಕ್ ಮಾಡಿ ಹುಡುಕುವ ಗ್ಲಿಫ್ ಆಗಿ ಅದನ್ನು ಕಿಟಕಿಗೆ ಕಳಿಸಿ. ಅದರ ಬದಲಿಗೆ, ಲೇಖನಗಳಲ್ಲಿ ಎಲ್ಲೂ ಬರದ ಒಂದು ಗುರುತು ಹಾಕಿಸಿ, ‘¶’ ಥರದ್ದು. ನಿಮ್ಮ ಫಾಂಟಿನಲ್ಲಿ ಅದು ಇದೆಯಾ ನೋಡಿಕೊಳ್ಳಿ. ಎಲ್ಲವೂ ¶ ಆದ ಮೇಲೆ ‘ಟೆಕ್ಸ್ಟ್’ ಟ್ಯಾಬಿಗೆ ಬಂದು ¶ ಬದಲು ‘ಶ್ರೀ’ ಎಂಬ ಪಾಠ ಹಾಕಿಸಿ. ನೇರವಾಗಿ ಯಾಕಾಗದು ಅಂದರೆ ಗ್ಲಿಫ್ ಟ್ಯಾಬಿನಲ್ಲಿ ಒಂದು ಆಕಾರದ ಜಾಗಕ್ಕೆ ಇನ್ನೊಂದು ಆಕಾರವನ್ನು ಮಾತ್ರ ಕೊಡಬಹುದು, ನಾಲ್ಕು ಸಂಕೇತದ ಪಾಠ ಕೊಡಲಾಗದು. ನೀವು ಬಳಸಿದ ಬಾಲದ ಅಕ್ಷರಗಳು ಏಳೆಂಟು ಇರಬಹುದು. ಒಂದೊಂದಕ್ಕೂ ಇದೇ ಎರಡು ಹೆಜ್ಜೆ. ಎಲ್ಲ ಮುಗಿದ ಮೇಲೆ ಗ್ರೆಪ್ ಸ್ಟೈಲ್ ಹಾಕಿ.

ಆಮೇಲೆ ಒಂದು ಪರೀಕ್ಷೆ ಇದೆ. ಅದನ್ನು ನಕಲು ಫೈಲಿನಲ್ಲಿ ಮಾಡಿ. ಎಲ್ಲ ಸ್ಟೈಲುಗಳಲ್ಲೂ ಫಾಂಟನ್ನು ನೋಟೋ ಸೆರಿಫ್ ಕನ್ನಡಕ್ಕೆ ಬದಲಿಸಿ. ಅಲಂಕಾರವೆಲ್ಲ ಕಳಚಿ ಬೀಳುತ್ತದೆ, ಬೀಳಲಿ. ಒಂದೇ ಒಂದು ಡಬ್ಬಿಯಾಗಲಿ, ಒಡೆದ ಒತ್ತಾಗಲಿ ಕಾಣದೆ ಓದಿಸಿಕೊಂಡು ಹೋದರೆ ನಿಮ್ಮ ಪಾಠ ಗಟ್ಟಿಯಾಗಿದೆ. ಎಲ್ಲಾದರೂ ಡಬ್ಬಿ ಕಂಡರೆ ಅಲ್ಲಿ ಇನ್ನೂ ಒಂದು ಡಬಲ್ ಕ್ಲಿಕ್ ಉಳಿದಿದೆ. ಪಿಡಿಎಫ್‌ನಿಂದ ಕಾಪಿ ಮಾಡಿ ನೋಡುವ ಪರೀಕ್ಷೆಯನ್ನು ನೆಚ್ಚಿಕೊಳ್ಳಬೇಡಿ, ಕನ್ನಡದಲ್ಲಿ ಎಲ್ಲ ಸರಿಯಿದ್ದರೂ ಅಲ್ಲಿ ಅಕ್ಷರ ಹಿಂದುಮುಂದಾಗಿ ಬರುವುದುಂಟು.

ಬೆಳಿಗ್ಗೆ ಕೂತರೆ ಸಂಜೆಯೊಳಗೆ ಮುಗಿಯುವ ಕೆಲಸ. ಹಾಸನಾಂಬೆಯ ಬಾಗಿಲು ತೆಗೆಯುವ ದಿನಗಳು ಬಂದರೆ ಬ್ಯಾನರ್ ಕೆಲಸದಲ್ಲಿ ಪ್ರೆಸ್ಸುಗಳು ಕೈಗೆ ಸಿಗುವುದಿಲ್ಲ, ಅದಕ್ಕೂ ಮೊದಲೇ ಪ್ರೂಫ್ ತೆಗೆಸಿಬಿಡಿ. ಪ್ರೂಫ್ ಬಂದಾಗ ಮುಖಪುಟವನ್ನಲ್ಲ, ‘ಬಾಳ್ಗೞ್ಚು’ ಇರುವ ಪುಟವನ್ನು ಮೊದಲು ತೆರೆಯಿರಿ.